ಆಫೀಸು, ಫ್ರೀಲ್ಯಾನ್ಸ್, ಮನೆ: ಮೂರನ್ನೂ ತೂಗಿಸುವ ಲೆಕ್ಕ

ಸಂಬಳದ ಕೆಲಸದ ಜೊತೆಗೆ ಫ್ರೀಲ್ಯಾನ್ಸ್ ಮಾಡುವವರು ಬೆಂಗಳೂರಿನಲ್ಲಿ ಈಗ ಅಪರೂಪವೇನಲ್ಲ. ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು ರಾತ್ರಿ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ. ಅಕೌಂಟ್ಸ್ ವಿಭಾಗದವರು ನಾಲ್ಕಾರು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತಾರೆ. ಮನೆ ಸಾಲದ ಕಂತು, ಮಕ್ಕಳ ಶಾಲೆ ಫೀಸು, ಊರಲ್ಲಿರುವ ಅಪ್ಪ ಅಮ್ಮನ ಔಷಧಿ ಖರ್ಚು ಇವೆಲ್ಲ ಇರುವಾಗ ತಿಂಗಳಿಗೆ ಹದಿನೈದಿಪ್ಪತ್ತು ಸಾವಿರ ಜಾಸ್ತಿ ಬಂದರೆ ಯಾರಿಗೆ ಬೇಡ?

ಇದಕ್ಕೆ ಸಿಗುವ ಸಲಹೆ ಮಾತ್ರ ಹೆಚ್ಚಾಗಿ ಒಂದೇ: ಬೆಳಿಗ್ಗೆ ನಾಲ್ಕಕ್ಕೆ ಏಳಿ. ನನಗೆ ಆ ಸಲಹೆಯಲ್ಲಿ ನಂಬಿಕೆ ಇಲ್ಲ. ನಾಲ್ಕಕ್ಕೆ ಎದ್ದರೂ ದಿನಕ್ಕೆ ಇರುವುದು 24 ಗಂಟೆಯೇ. ಫ್ರೀಲ್ಯಾನ್ಸ್‌ಗೆ ಹೋಗುವ ಪ್ರತಿ ಗಂಟೆಯೂ ಯಾರದೋ ಪಾಲಿನಿಂದ ಬರುತ್ತದೆ: ನಿಮ್ಮ ನಿದ್ದೆಯಿಂದ, ಆಫೀಸಿನಿಂದ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರ ಬಿಡುವಿನಿಂದ. ಅದು ಯಾರ ಗಂಟೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡರೆ ಉಳಿದದ್ದು ಅಷ್ಟು ಕಷ್ಟವಲ್ಲ. ಕೆಳಗಿನ ಹಂತಗಳು ಅದನ್ನೇ ಮಾಡುತ್ತವೆ. ಸಂಬಳದ ಕೆಲಸದಲ್ಲಿದ್ದು, ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಾಡಬಹುದಾದ ಫ್ರೀಲ್ಯಾನ್ಸ್ ಕೆಲಸ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಹಂತ 1: ಆಫರ್ ಲೆಟರ್ ಹುಡುಕಿ ತೆಗೆದು ಓದಿ

ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದವನ್ನು ಎಷ್ಟು ಜನ ಪೂರ್ತಿ ಓದಿರುತ್ತಾರೆ ಹೇಳಿ! ಈಗ ಓದಿ. ಮೂರು ವಿಷಯ ಹುಡುಕಿ.

ಒಂದು, ಕಂಪನಿಯ ಅನುಮತಿ ಇಲ್ಲದೆ ಬೇರೆ ಕೆಲಸ, ವ್ಯಾಪಾರ ಮಾಡಬಾರದು ಎಂಬ ಷರತ್ತು. ಎರಡು, ಪ್ರತಿಸ್ಪರ್ಧಿಗಳಿಗೆ ಅಥವಾ ಕಂಪನಿಯ ಗ್ರಾಹಕರಿಗೆ ಕೆಲಸ ಮಾಡಬಾರದು ಎಂಬ ಷರತ್ತು. ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ನೌಕರಿಯಲ್ಲಿ ಇರುವಷ್ಟು ದಿನ ನೀವು ಮಾಡಿದ ಕೋಡ್, ಡಿಸೈನ್, ಬರಹ ಎಲ್ಲವೂ ಕಂಪನಿಯದೇ ಎನ್ನುವ ಸಾಲು. ಅದು ಬಹಳ ಅಗಲವಾಗಿದ್ದರೆ, ರಾತ್ರಿ ಹತ್ತಕ್ಕೆ ಬೇರೆಯವರಿಗೆ ಮಾಡಿಕೊಟ್ಟ ಕೆಲಸದ ಮೇಲೂ ತಗಾದೆ ಬರಬಹುದು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2022ರಲ್ಲಿ ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ಜನರನ್ನು ತೆಗೆದುಹಾಕಿದ್ದೇವೆ ಎಂದು ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷ ಇನ್ಫೋಸಿಸ್ ಮೊದಲು ಉದ್ಯೋಗಿಗಳಿಗೆ ಎಚ್ಚರಿಕೆಯ ಇಮೇಲ್ ಕಳಿಸಿತು. ಕೆಲವು ವಾರಗಳ ನಂತರ, ಮ್ಯಾನೇಜರ್ ಮತ್ತು ಎಚ್‌ಆರ್ ಒಪ್ಪಿದರೆ ಗಿಗ್ ಕೆಲಸ, ಅಂದರೆ ಹೊರಗಿನ ಬಿಡಿ ಕೆಲಸ, ಮಾಡಬಹುದು ಎಂದಿತು. ಸ್ವಿಗ್ಗಿ ಅದಕ್ಕೂ ಮೊದಲೇ ಅಂಥ ನೀತಿ ತಂದಿತ್ತು. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಕೇಳಿ ಒಳಗೆ ಹೋಗಬೇಕು.

ಕೇಳುವಾಗ ಇಮೇಲ್‌ನಲ್ಲೇ ಕೇಳಿ. ಯಾವ ಬಗೆಯ ಕೆಲಸ, ವಾರಕ್ಕೆ ಎಷ್ಟು ಗಂಟೆ, ಆಫೀಸ್ ಸಮಯದ ಹೊರಗೆ ಮಾತ್ರ, ಕಂಪನಿಯ ಲ್ಯಾಪ್‌ಟಾಪ್ ಮುಟ್ಟುವುದಿಲ್ಲ, ಕಂಪನಿಯ ಗ್ರಾಹಕರಿಗೂ ಪ್ರತಿಸ್ಪರ್ಧಿಗಳಿಗೂ ಮಾಡುವುದಿಲ್ಲ. ಈ ಐದು ಸಾಲು ಸಾಕು. ಕ್ಯಾಂಟೀನಿನಲ್ಲಿ ಮ್ಯಾನೇಜರ್ 'ಮಾಡ್ಕೊಳ್ಳಿ, ಏನಾಗಲ್ಲ' ಅಂದದ್ದು ಲೆಕ್ಕಕ್ಕಿಲ್ಲ. ಅವರು ನಾಳೆ ಬೇರೆ ಕಂಪನಿಗೆ ಹೋಗಬಹುದು, ಅಲ್ವಾ? ಸರ್ಕಾರಿ ನೌಕರರಿಗಂತೂ ನಡತೆ ನಿಯಮಗಳೇ ಇವೆ. ಮೇಲಧಿಕಾರಿಗಳ ಲಿಖಿತ ಅನುಮತಿ ಇಲ್ಲದೆ ಶುರು ಮಾಡಲೇಬೇಡಿ.

ಗುಟ್ಟಾಗಿ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರಿಗೆ ಒಂದು ಮಾತು. ಗ್ರಾಹಕ ಕಂಪನಿ ನಿಮ್ಮ ಹಣದಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದರೆ ಅದು ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಪಟ್ಟಿಯಲ್ಲಿ (1961ರ ಕಾಯ್ದೆಯಲ್ಲಿ ಫಾರ್ಮ್ 26ಎಎಸ್) ಕಾಣುತ್ತದೆ. ಮುಂದೆ ಕೆಲಸ ಬದಲಿಸುವಾಗ ಹಿನ್ನೆಲೆ ಪರಿಶೀಲನೆಗೆ ಅದೇ ಪಟ್ಟಿ ಕೇಳುವ ಕಂಪನಿಗಳಿವೆ.

ಹಂತ 2: ವಾರದ ಗಂಟೆಗಳನ್ನು ಕಾಗದದ ಮೇಲೆ ಕೂಡಿಸಿ

ವಾರಕ್ಕೆ 168 ಗಂಟೆ. ಬೆಂಗಳೂರಿನ ಒಂದು ಸಾಮಾನ್ಯ ಲೆಕ್ಕ ಹಾಕೋಣ. ದಿನಕ್ಕೆ ಏಳು ಗಂಟೆಯಂತೆ ನಿದ್ದೆ 49. ಊಟದ ವಿರಾಮವೂ ಸೇರಿ ಆಫೀಸು 45. ಹೋಗಿ ಬರಲು ದಿನಕ್ಕೆ ಮೂರು ಗಂಟೆ ಅಂದರೆ 15. ಸ್ನಾನ, ತಿಂಡಿ, ಊಟ 14. ಅಡುಗೆ, ತರಕಾರಿ, ಬಟ್ಟೆ, ಮಕ್ಕಳ ಹೋಮ್‌ವರ್ಕ್ ಎಂದು ದಿನಕ್ಕೆ ಎರಡೂವರೆ ಗಂಟೆ ಹಿಡಿದರೆ ಹದಿನೇಳೂವರೆ. ಎಲ್ಲ ಕೂಡಿದರೆ 140 ದಾಟುತ್ತದೆ. ಉಳಿಯುವುದು 27 ಗಂಟೆ ಚಿಲ್ಲರೆ.

ಆ 27ರಲ್ಲೇ ಮಗುವಿನ ಜೊತೆ ಆಟ, ಗಂಡ ಹೆಂಡತಿಯ ಮಾತು, ಊರಿಗೆ ಫೋನು, ಮದುವೆ ಮುಂಜಿ, ಗ್ಯಾಸ್ ಬುಕಿಂಗು, ಏನೂ ಮಾಡದೆ ಸುಮ್ನೆ ಕೂರುವುದು, ಎಲ್ಲವೂ ಆಗಬೇಕು. ಮೂರರಲ್ಲಿ ಒಂದು ಪಾಲು ಫ್ರೀಲ್ಯಾನ್ಸ್‌ಗೆ ಕೊಡಬಹುದು ಎನ್ನುವುದು ನನ್ನ ಅಂದಾಜು. ಅಂದರೆ ವಾರಕ್ಕೆ ಎಂಟು, ಒಂಬತ್ತು ಗಂಟೆ. ವಾರಕ್ಕೆ ಇಪ್ಪತ್ತು ಗಂಟೆ ಮಾಡುತ್ತೇನೆ ಎನ್ನುವವರು ನಿದ್ದೆಯನ್ನಾದರೂ ಕದಿಯುತ್ತಿರುತ್ತಾರೆ, ಆಫೀಸಿನ ಹೊತ್ತನ್ನಾದರೂ. ಇಲ್ಲವಾದರೆ ಮನೆಯಲ್ಲಿ ಯಾರೋ ಅವರ ಪಾಲಿನ ಕೆಲಸವನ್ನೂ ಮಾಡುತ್ತಿರುತ್ತಾರೆ.

ನಿಮ್ಮದೇ ಅಂಕಿ ಹಾಕಿ ನೋಡಿ. ವರ್ಕ್ ಫ್ರಮ್ ಹೋಮ್ ಇದ್ದರೆ ಓಡಾಟದ 15 ಗಂಟೆ ಕಡಿಮೆಯಾಗುತ್ತದೆ. ಚಿಕ್ಕ ಮಗುವೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಉಳಿಯುವುದು ಹತ್ತೂ ಇರಲಿಕ್ಕಿಲ್ಲ. ಆಗ ಈ ವರ್ಷ ಫ್ರೀಲ್ಯಾನ್ಸ್ ಬೇಡ ಎಂದು ತೀರ್ಮಾನಿಸುವುದೂ ಸರಿಯಾದ ಲೆಕ್ಕವೇ.

ಹಂತ 3: ಮನೆಯಲ್ಲಿ ಕೂತು ಮಾತಾಡಿ

ಗಂಡಸರು ಫ್ರೀಲ್ಯಾನ್ಸ್ ಶುರು ಮಾಡಿದಾಗ ಸಾಮಾನ್ಯವಾಗಿ ಆಗುವುದು ಹೀಗೆ. ಅವರು ಊಟ ಮುಗಿಸಿ ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ. ಪಾತ್ರೆ, ಮಗುವನ್ನು ಮಲಗಿಸುವುದು, ನಾಳೆಯ ಡಬ್ಬಿಯ ತಯಾರಿ, ಎಲ್ಲ ಹೆಂಡತಿಯ ಪಾಲಿಗೆ ಬೀಳುತ್ತದೆ. 'ನಿಮಗೇನೋ ಎಕ್ಸ್‌ಟ್ರಾ ದುಡ್ಡು ಬರುತ್ತೆ ರೀ, ನನಗೆ ಬರೋದು ಎಕ್ಸ್‌ಟ್ರಾ ಕೆಲಸ' ಎಂಬ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟುವುದು ಇಲ್ಲೇ. ಹೆಂಗಸರು ಶುರು ಮಾಡಿದಾಗ ಕಥೆ ಬೇರೆ. ಮನೆಗೆಲಸ ಎಲ್ಲ ಮುಗಿದ ಮೇಲೆ, ರಾತ್ರಿ ಹತ್ತೂವರೆಗೆ ಅವರ ಲ್ಯಾಪ್‌ಟಾಪ್ ತೆರೆಯುತ್ತದೆ. ಅಲ್ಲಿ ಹೋಗುವುದು ಅವರದೇ ನಿದ್ದೆ. ಎರಡೂ ಕಡೆ ಸಂಪಾದನೆಯ ಅರ್ಧ ಲೆಕ್ಕ ಬರೆಯದೇ ಉಳಿದಿರುತ್ತದೆ.

ಹಾಗಾಗಿ ಮೊದಲ ಗ್ರಾಹಕರನ್ನು ಒಪ್ಪುವ ಮುಂಚೆ ಮನೆಯವರ ಜೊತೆ ನಾಲ್ಕು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕೆಲಸ. ಆ ಹೊತ್ತಿನಲ್ಲಿ ನೀವು ಮಾಡುತ್ತಿದ್ದ ಮನೆಗೆಲಸ ಯಾರ ಪಾಲಿಗೆ, ಅದಕ್ಕೆ ಬದಲಾಗಿ ನೀವು ಯಾವಾಗ ಏನು ಮಾಡುತ್ತೀರಿ. ಬಂದ ಹಣ ಯಾವುದಕ್ಕೆ. ಎಷ್ಟು ತಿಂಗಳಾದ ಮೇಲೆ ಮತ್ತೆ ಕೂತು ಇದು ಬೇಕಾ ಬೇಡವಾ ಎಂದು ನೋಡುವುದು.

ಹಣದ ವಿಷಯದಲ್ಲಿ ನನ್ನದು ಒಂದೇ ಹಟ. ಫ್ರೀಲ್ಯಾನ್ಸ್ ಹಣದ ಮೊದಲ ಖರ್ಚು ಮನೆಯ ಗಂಟೆಗಳನ್ನು ವಾಪಸ್ ಕೊಳ್ಳುವುದಾಗಿರಲಿ. ಪಾತ್ರೆ ತೊಳೆಯಲು ಒಬ್ಬರು, ವಾರಕ್ಕೆ ನಾಲ್ಕು ದಿನ ಅಡುಗೆಯವರು, ಇಸ್ತ್ರಿಗೆ ಹೊರಗೆ ಕೊಡುವುದು, ಇಷ್ಟರಲ್ಲೇ ವಾರಕ್ಕೆ ಐದಾರು ಗಂಟೆ ಉಳಿಯುತ್ತದೆ. ಮನೆಯಲ್ಲಿ ಅತ್ತೆಯೋ ಅಮ್ಮನೋ ಮಗುವನ್ನು ನೋಡಿಕೊಳ್ಳುತ್ತಿದ್ದರೆ ಅವರನ್ನೂ ಕೇಳಿ. 'ಅಮ್ಮ ಇದ್ದಾರಲ್ಲ' ಎಂದು ಸುಮ್ಮನಿದ್ದುಬಿಡುವುದು ಸುಲಭ. ಅವರಿಗೂ ಸಂಜೆ ದೇವಸ್ಥಾನಕ್ಕೆ ಹೋಗಬೇಕಿರುತ್ತದೆ, ಮಂಡಿ ನೋವಿರುತ್ತದೆ.

ಮಕ್ಕಳಿಗೆ ಹೇಳುವುದು ಸುಲಭ. 'ಕೆಲಸ ಮುಗಿದ ಮೇಲೆ' ಎನ್ನಬೇಡಿ, 'ಹತ್ತೂವರೆಗೆ' ಅಥವಾ 'ಶನಿವಾರ ತಿಂಡಿ ಆದಮೇಲೆ' ಎನ್ನಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ.

ಹಂತ 4: ಸಂಜೆಗೆ ಹೊಂದುವ ಕೆಲಸ ಮಾತ್ರ ಆರಿಸಿಕೊಳ್ಳಿ

ಸರ್ವರ್ ನಿಂತರೆ ತಕ್ಷಣ ನೋಡಬೇಕಾದ ಕೆಲಸ, ದಿನವಿಡೀ ಸೋಶಿಯಲ್ ಮೀಡಿಯಾಕ್ಕೆ ಉತ್ತರ ಕೊಡುವ ಕೆಲಸ, ಮಧ್ಯಾಹ್ನ ಮೂರಕ್ಕೆ 'ಒಂದು ಕ್ವಿಕ್ ಕಾಲ್' ಕೇಳುವ ಗ್ರಾಹಕರು, ಇವು ಎಷ್ಟು ದುಡ್ಡು ಕೊಟ್ಟರೂ ನೌಕರಿಯಲ್ಲಿ ಇರುವವರಿಗಲ್ಲ. ಅನುವಾದ, ಸಬ್‌ಟೈಟಲ್, ಲೋಗೊ, ಒಂದೇ ಸಲ ಮಾಡಿಕೊಡುವ ವೆಬ್‌ಸೈಟ್, ತಿಂಗಳಿಗೊಮ್ಮೆ ಲೆಕ್ಕ ಬರೆಯುವುದು, ತಾಂತ್ರಿಕ ಬರಹ ಇವು ಹೊಂದುತ್ತವೆ. ಇವುಗಳಲ್ಲಿ ಕೆಲಸ ಮುಖ್ಯ, ನೀವು ಆ ಹೊತ್ತಿಗೆ ಆನ್‌ಲೈನ್ ಇದ್ದೀರಾ ಎನ್ನುವುದು ಮುಖ್ಯವಲ್ಲ.

ಹೊರದೇಶದ ಗ್ರಾಹಕರಾದರೆ ಗಡಿಯಾರ ನೋಡಿ ಆರಿಸಿ. ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಬೆಳಿಗ್ಗೆ 11 ಅಂದರೆ ನಮಗೆ ರಾತ್ರಿ ಎಂಟೂವರೆ. ಅನುಕೂಲ ಅನಿಸುತ್ತದೆ, ಆದರೆ ಅವರ ದಿನ ಆಗಷ್ಟೇ ಶುರುವಾಗಿರುತ್ತದೆ. ಮಾತು ಮುಗಿಯುವಾಗ ನಮಗೆ ನಡುರಾತ್ರಿ. ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಮೊದಲೇ ಇರುವವರಿಗೆ ಸಿಂಗಪುರದ ಗ್ರಾಹಕರೇ ಮೇಲು. ಅವರ 9 ಗಂಟೆ ನಮಗೆ ಬೆಳಿಗ್ಗೆ ಆರೂವರೆ, ಆಫೀಸಿಗೆ ಹೊರಡುವ ಮುಂಚೆಯೇ ಮಾತು ಮುಗಿಯುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆಯಷ್ಟೇ ಹಿಂದೆ, ಹಾಗಾಗಿ ಅವರ ಆಫೀಸು, ನಿಮ್ಮ ಆಫೀಸು ಒಂದೇ ಹೊತ್ತಿಗೆ ನಡೆಯುತ್ತವೆ.

ಹಂತ 5: ದರ ಹೇಳುವ ಮುಂಚೆ ಭಾಗಿಸಿ

ವಾರಕ್ಕೆ ಎಂಟು ಗಂಟೆ, ತಿಂಗಳಿಗೆ 32. ತಿಂಗಳಿಗೆ 20,000 ಬೇಕು. ಭಾಗಿಸಿದರೆ ಗಂಟೆಗೆ 625 ಬರುತ್ತದೆ. ಬಹಳ ಜನ ಇಲ್ಲೇ ನಿಲ್ಲುತ್ತಾರೆ. ಆ ಎಂಟರಲ್ಲಿ ಮೇಲ್, ಕೊಟೇಶನ್, ಬಿಲ್ಲು, 'ಇದೊಂದು ಸಣ್ಣ ಬದಲಾವಣೆ' ಎಂದು ಮೂರು ಗಂಟೆ ಹೋಗುತ್ತದೆ. ದುಡ್ಡು ಬರುವ ಗಂಟೆ ವಾರಕ್ಕೆ ಐದು, ತಿಂಗಳಿಗೆ 20. ಅಲ್ಲಿಗೆ ಗಂಟೆಗೆ 1,000. ತೆರಿಗೆ, ಸಾಫ್ಟ್‌ವೇರ್, ಇಂಟರ್‌ನೆಟ್ ಸೇರಿಸಿದರೆ 1,200. ಈ ದರಕ್ಕೆ ಗ್ರಾಹಕರು ಸಿಗುವುದಿಲ್ಲ ಎನಿಸಿದರೆ ಆಸೆಯನ್ನು 10,000ಕ್ಕೆ ಇಳಿಸಿ, ಗಂಟೆಗಳನ್ನು ಹೆಚ್ಚಿಸಬೇಡಿ.

ಹಂತ 6: ಬರೆದು ಒಪ್ಪಿಸಿಕೊಳ್ಳಿ, ಮುಂಗಡ ಪಡೆಯಿರಿ

ಸಂಬಂಧಿಕರ ಪರಿಚಯದವರಾದರೂ ಒಂದು ಪುಟ ಬರೆಯಿರಿ. ಏನು ಕೊಡುತ್ತೀರಿ, ಯಾವ ದಿನ, ಎಷ್ಟು ಹಣ, ಎಷ್ಟು ಸಲ ತಿದ್ದುಪಡಿ. ಎರಡು ಸಲ ಉಚಿತ, ಆಮೇಲೆ ಪ್ರತಿ ಸಲಕ್ಕೆ ಇಷ್ಟು ಎಂದು ಬರೆದರೆ ನಿಮ್ಮ ಎಷ್ಟೋ ಭಾನುವಾರಗಳು ಉಳಿಯುತ್ತವೆ. ಅರ್ಧ ಹಣ ಮುಂಗಡ. ಹೊಸ ಗ್ರಾಹಕರು ಮುಂಗಡಕ್ಕೆ ಹಿಂದೆ ಮುಂದೆ ನೋಡಿದರೆ, ಕೆಲಸ ಮುಗಿದ ಮೇಲೆ ಇನ್ನೂ ಜಾಸ್ತಿ ನೋಡುತ್ತಾರೆ.

ಹಣ ತಡ ಮಾಡುವ ಕಂಪನಿಗಳ ಮೇಲೆ ಒಂದು ಹಿಡಿತ ಇದೆ, ಹೆಚ್ಚು ಫ್ರೀಲ್ಯಾನ್ಸರ್‌ಗಳು ಬಳಸುವುದಿಲ್ಲ. ಕೆಲಸ ಶುರು ಮಾಡುವ ಮೊದಲೇ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಕಿರು ಉದ್ಯಮ ಎಂದು ನೋಂದಾಯಿಸಿಕೊಳ್ಳಿ. ಅದು ಪೂರ್ತಿ ಉಚಿತ. ಯಾರಾದರೂ ಫೀಸು ಕೇಳಿದರೆ ಅದು ದಲ್ಲಾಳಿಯ ಸೈಟು ಎಂದು ತಿಳಿಯಿರಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕಿರು ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದದಲ್ಲಿ ದಿನ ಹೇಳದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕಿ ಈ ಒಂದು ಸಾಲು ಬರೆದರೆ ಅಕೌಂಟ್ಸ್ ವಿಭಾಗದವರಿಗೆ ಅರ್ಥವಾಗುತ್ತದೆ.

ಹಂತ 7: ವಾರಕ್ಕೆ ಒಂದು ಅಚ್ಚು ಹಾಕಿ

ಮಂಗಳವಾರ, ಗುರುವಾರ ರಾತ್ರಿ 9ರಿಂದ 10.30. ಶನಿವಾರ ಬೆಳಿಗ್ಗೆ 6ರಿಂದ 11, ನಡುವೆ ಕಾಫಿ. ಒಟ್ಟು ಎಂಟು ಗಂಟೆ. ಭಾನುವಾರ ಮುಟ್ಟುವುದೇ ಇಲ್ಲ. ತಲೆ ಕೆಡುವ ಕೆಲಸ ಶನಿವಾರಕ್ಕೆ. ಆಫೀಸಿನಿಂದ ಬಂದು ದಣಿದ ರಾತ್ರಿಗಳಿಗೆ ತಿದ್ದುಪಡಿ, ಬಿಲ್ಲು, ಮೇಲ್.

ಇದು ಒಂದು ಮಾದರಿ ಅಷ್ಟೇ. ಹಗುರವಾಗಿ ಕಾಣುತ್ತದೆ ಎಂದು ಬುಧವಾರವನ್ನೂ ತುಂಬಬೇಡಿ. ಸೋಮ, ಬುಧ, ಶುಕ್ರ ಖಾಲಿ ಇದ್ದರೆ ಮಾತ್ರ ಮಂಗಳವಾರ ತಪ್ಪಿದ್ದನ್ನು ಸರಿದೂಗಿಸಬಹುದು.

ದಿನಾಂಕ ಒಪ್ಪುವಾಗ ಸೋಮವಾರ ಬೆಳಿಗ್ಗೆ ಎಂದು ಹೇಳಿ. ಶುಕ್ರವಾರ ಎಂದರೆ ನಿಮ್ಮ ಶನಿವಾರದ ಐದು ಗಂಟೆ ಲೆಕ್ಕಕ್ಕೇ ಬರುವುದಿಲ್ಲ. ಕ್ಯಾಲೆಂಡರಿನಲ್ಲಿ ಆಫೀಸಿನ ರಿಲೀಸ್ ವಾರ (ಹೊಸ ಸಾಫ್ಟ್‌ವೇರ್ ಹೊರಬಿಡುವ ವಾರ), ಮಾರ್ಚ್‌ನ ಪರೀಕ್ಷೆಗಳು, ಯುಗಾದಿ, ಗಣೇಶ ಹಬ್ಬ, ದಸರಾ, ಊರಿನ ಜಾತ್ರೆ ಎಲ್ಲವನ್ನೂ ವರ್ಷದ ಮೊದಲೇ ಗುರುತು ಮಾಡಿ. ಆ ವಾರಗಳಲ್ಲಿ ಡೆಲಿವರಿ ಒಪ್ಪಬೇಡಿ.

ಗ್ರಾಹಕರಿಗೆ ಬೇರೆ ಸಿಮ್ಮಿನ ನಂಬರ್ ಕೊಡಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. 'ರಾತ್ರಿ 9ರ ನಂತರ ಉತ್ತರಿಸುತ್ತೇನೆ' ಎಂದು ತಾನೇ ಹೋಗುವ ಸಂದೇಶ ಇಡಬಹುದು. ಆಫೀಸಿನಲ್ಲಿ ಆ ಸಿಮ್ ಆಫ್. ಲ್ಯಾಪ್‌ಟಾಪ್ ನಿಮ್ಮದೇ ಇರಲಿ, ಆಫೀಸಿನ ಮೇಲ್ ಐಡಿಯಿಂದ ಒಂದು ಫೈಲನ್ನೂ ಕಳಿಸಬೇಡಿ.

ಹಂತ 8: ತೆರಿಗೆಯನ್ನು ಮೊದಲ ಬಿಲ್ಲಿನ ದಿನವೇ ಲೆಕ್ಕ ಹಾಕಿ

ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಅದರ ನಂತರ ಗೊತ್ತಿರಬೇಕಾದದ್ದು ಇಷ್ಟು.

ಸಾಫ್ಟ್‌ವೇರ್, ಎಂಜಿನಿಯರಿಂಗ್, ಅಕೌಂಟೆನ್ಸಿ, ಆರ್ಕಿಟೆಕ್ಚರ್, ಒಳಾಂಗಣ ವಿನ್ಯಾಸದಂಥ ವೃತ್ತಿಗಳಿಗೆ ಅಂದಾಜು ಆದಾಯದ ಪದ್ಧತಿ ಇದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಸೆಕ್ಷನ್ 44ಎಡಿಎ. ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು, ಖರ್ಚಿನ ರಸೀದಿ ಜೋಡಿಸಬೇಕಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಅನುವಾದಕರು, ಬರಹಗಾರರು, ಡಿಸೈನರುಗಳು ತಮಗೆ ಇದು ಅನ್ವಯಿಸುತ್ತದಾ ಎಂದು ಸಿಎ ಹತ್ತಿರ ಕೇಳಿಯೇ ಮುಂದುವರಿಯಬೇಕು.

ಈಗ ಒಂದು ಉದಾಹರಣೆ, ಇದನ್ನು ನಿಧಾನವಾಗಿ ಓದಿ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳ 12.75 ಲಕ್ಷ ಇರುವವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷ ಉಳಿಯುತ್ತದೆ. 12 ಲಕ್ಷದವರೆಗಿನ ಆದಾಯಕ್ಕೆ ಇರುವ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಅವರು ಫ್ರೀಲ್ಯಾನ್ಸ್‌ನಲ್ಲಿ 3 ಲಕ್ಷ ಗಳಿಸಿ ಅರ್ಧ ತೋರಿಸಿದರೆ ಆದಾಯ 13.5 ಲಕ್ಷ ಆಗುತ್ತದೆ. ರಿಯಾಯಿತಿ ಹೋಗುತ್ತದೆ. ಸೆಸ್ ಸೇರಿ ತೆರಿಗೆ 85,800. ಅದೇ 14 ಲಕ್ಷ ಸಂಬಳದವರು 3 ಲಕ್ಷ ಗಳಿಸಿದರೆ ಹೆಚ್ಚಾಗುವ ತೆರಿಗೆ 23,400 ಮಾತ್ರ. ಸಂಬಳ ಆ ಗಡಿಯ ಹತ್ತಿರ ಇರುವವರು ದರ ಹೇಳುವ ಮೊದಲೇ ಈ ಲೆಕ್ಕ ಮಾಡಲೇಬೇಕು.

ಗ್ರಾಹಕ ಕಂಪನಿ ವೃತ್ತಿ ಶುಲ್ಕದ ಮೇಲೆ ಸಾಮಾನ್ಯವಾಗಿ ಶೇ 10 ಟಿಡಿಎಸ್ ಹಿಡಿಯುತ್ತದೆ, ವರ್ಷಕ್ಕೆ 50,000 ದಾಟಿದರೆ. ಟಿಡಿಎಸ್ ಕಳೆದೂ 10,000 ಅಥವಾ ಅದಕ್ಕಿಂತ ಜಾಸ್ತಿ ತೆರಿಗೆ ಬಾಕಿ ಇದ್ದರೆ ಮುಂಗಡ ತೆರಿಗೆ ಕಟ್ಟಬೇಕು. ಅಂದಾಜು ಪದ್ಧತಿಯವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ಅನುಮತಿ ಪಡೆದೇ ಕೆಲಸ ಮಾಡುತ್ತಿದ್ದರೆ ಈ ಆದಾಯವನ್ನು ಆಫೀಸಿಗೇ ತಿಳಿಸಿ, ಸಂಬಳದಲ್ಲೇ ಹೆಚ್ಚು ಟಿಡಿಎಸ್ ಹಿಡಿಸಬಹುದು. ತಲೆನೋವು ಕಡಿಮೆ.

ಇನ್ನೊಂದು ಬಲೆ. ಸಂಬಳದವರು ಹಳೆ, ಹೊಸ ಪದ್ಧತಿಗಳ ನಡುವೆ ಪ್ರತಿ ವರ್ಷ ಬದಲಾಯಿಸಬಹುದು. ವೃತ್ತಿ ಆದಾಯ ಇದ್ದರೆ ಆ ಸಲೀಸು ಇಲ್ಲ. ಒಮ್ಮೆ ಹಳೆಯದಕ್ಕೆ ಹೋದರೆ ಹೊಸದಕ್ಕೆ ಮರಳುವ ಅವಕಾಶ ಒಂದೇ ಸಲ. ಜಿಎಸ್‌ಟಿ ವಿಷಯಕ್ಕೆ ಬಂದರೆ, ಸೇವೆಯಿಂದ ಬರುವ ಹಣ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಸಂಬಳ ಆ ಲೆಕ್ಕಕ್ಕೆ ಸೇರುವುದಿಲ್ಲ.

ಹಂತ 9: ಕೆಟ್ಟ ವಾರಕ್ಕೆ ಮೊದಲೇ ಕ್ರಮ ಹಾಕಿಡಿ

ಮಗುವಿಗೆ ಜ್ವರ, ಆಫೀಸಿನಲ್ಲಿ ರಿಲೀಸ್, ಗ್ರಾಹಕರ ಗಡುವು, ಮೂರೂ ಒಂದೇ ವಾರ ಬರುತ್ತವೆ. ಆಗ ಯೋಚಿಸಲು ತಲೆ ಓಡುವುದಿಲ್ಲ. ಕ್ರಮ ಹೀಗಿರಲಿ: ಮೊದಲು ಫ್ರೀಲ್ಯಾನ್ಸ್ ಮುಂದೂಡಿ, ಆಮೇಲೆ ಆಫೀಸಿನಲ್ಲಿ ರಜೆ ಕೇಳಿ, ಮನೆಯದನ್ನು ಮುಂದೂಡಬೇಡಿ. ಗ್ರಾಹಕರಿಗೆ ಗಡುವಿಗೆ ಎರಡು ದಿನ ಮೊದಲೇ ಹೇಳಿ, ಹೊಸ ದಿನಾಂಕವನ್ನೂ ಕೊಡಿ. ಕಾರಣ ಉದ್ದಕ್ಕೆ ವಿವರಿಸುವುದು ಬೇಡ. ಇದೇ ಕೆಲಸ ಬಲ್ಲ ಒಬ್ಬ ಗೆಳೆಯರ ಜೊತೆ ಮೊದಲೇ ಮಾತಾಡಿಟ್ಟರೆ, ಅವರ ಕಷ್ಟಕ್ಕೆ ನೀವು, ನಿಮ್ಮ ಕಷ್ಟಕ್ಕೆ ಅವರು.

ನಿದ್ದೆ ಐದು ಗಂಟೆಗೆ ಇಳಿದ ವಾರ ಒಂದಿರಬಹುದು. ಅದು ಪ್ರತಿ ವಾರವೂ ಆಗುತ್ತಿದ್ದರೆ ಒಬ್ಬ ಗ್ರಾಹಕರನ್ನು ಬಿಡಿ.

ಹಂತ 10: ಯಾವುದನ್ನು ಬಿಡುವುದು?

ಫ್ರೀಲ್ಯಾನ್ಸ್ ಚೆನ್ನಾಗಿ ಕುದುರಿ ನೌಕರಿ ಬಿಡುವ ಯೋಚನೆ ಬಂದರೆ ಆತುರ ಬೇಡ. ಆರು ತಿಂಗಳ ಮನೆ ಖರ್ಚು ಕೈಯಲ್ಲಿರಲಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಹಾಗಾಗಿ ಸ್ವಂತ ಪಾಲಿಸಿ ಮೊದಲೇ ಮಾಡಿಸಿ. ಮುಂಚೆಯೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ, ಅದು ಸಂಬಳ ಬರುವಾಗಲೇ ಮುಗಿಯಲಿ. ಮನೆ ಸಾಲ ತೆಗೆಯುವ ಯೋಚನೆ ಇದ್ದರೆ ರಾಜೀನಾಮೆಗೆ ಮೊದಲೇ ತೆಗೆಯಿರಿ. ಸ್ವಂತ ಉದ್ಯೋಗದವರಿಂದ ಬ್ಯಾಂಕುಗಳು ಎರಡು ಮೂರು ವರ್ಷದ ರಿಟರ್ನ್ಸ್ ಕೇಳುತ್ತವೆ.

ಫ್ರೀಲ್ಯಾನ್ಸ್ ಬಿಡುವುದಾದರೆ ಮೊದಲು ಹೊಸ ಕೆಲಸ ಒಪ್ಪುವುದನ್ನು ನಿಲ್ಲಿಸಿ. ಕೈಯಲ್ಲಿರುವುದನ್ನು ಮುಗಿಸಿ. ಫೈಲು, ಪಾಸ್‌ವರ್ಡ್ ಗ್ರಾಹಕರಿಗೆ ಕೊಡಿ. ಡೊಮೇನ್ (ವೆಬ್‌ಸೈಟಿನ ವಿಳಾಸ) ನಿಮ್ಮ ಹೆಸರಲ್ಲಿದ್ದರೆ ಅವರ ಹೆಸರಿಗೆ ವರ್ಗಾಯಿಸಿ, ಇಲ್ಲದಿದ್ದರೆ ಮುಂದಿನ ವರ್ಷ ನವೀಕರಣದ ಹೊತ್ತಿಗೆ ಫೋನು ನಿಮಗೇ ಬರುತ್ತದೆ.